ಪೊಳ್ಳು ನೆಲದ ಕೋಣೆ

ಶಹಾಬಾದ
೧೪ ಡಿಸೆಂಬರ್ ೨೦೨೪

ಪ್ರೀತಿಯ ನಗ್ಮಾ, ನಿನ್ನ ಜಬೀನಾ ಆಪಾಳ ಸಲಾಂ.

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೆ? ಅಲ್ಲಿ ಈಗ ಸಂಜೆಯಾಗುವ ಮೊದಲೇ ಕತ್ತಲಾಗುತ್ತದೆ ಎಂದಿದ್ದೆ. ಹಿಮದ ಮೇಲೆ ಅವಸರದಿಂದ ನಡೆಯಬೇಡ, ಬಸ್ಸು ತಪ್ಪಿದರೆ ತಪ್ಪಲಿ. ಶೇಂಗಾ ಹಿಂಡಿ ಮುಗಿದಿದ್ದರೆ ಹೇಳು, ಹೈದರಾಬಾದಿನಿಂದ ಬರುವವರ ಕೈಯಲ್ಲಿ ಕಳುಹಿಸುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಇವರಿಗೆ ಕಲ್ಲು ಪಾಲಿಶ್ ಯಾರ್ಡಿನ ಧೂಳಿನಿಂದ ಕೆಮ್ಮು ಇದ್ದದ್ದೇ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ಮದುವೆ ಹೆಣ್ಣಿನ ಹಾಗೆ ಕಾಣುತ್ತೇನೆ ಎಂದು ನಗುತ್ತಾರೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಮುಂದಿನದನ್ನು ಹೇಳಲು ಎರಡು ಮೂರು ಸಲ ಹೊರಟು, ನಿನ್ನ ಧ್ವನಿ ಕೇಳಿದ ಕೂಡಲೇ ಬೇರೆ ಮಾತಾಡಿ ಇಟ್ಟುಬಿಟ್ಟೆ. ಅಬ್ಬಾ ನಮ್ಮಿಂದ ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ, ಇದರಲ್ಲಿ ಬರೆದವನು ಕಂಡದ್ದು ಯಾವುದು, ಯಾರೋ ಹೇಳಿದ್ದು ಯಾವುದು ಎಂದು ಕೇಳುತ್ತಿದ್ದರಲ್ಲ. ಆ ಅಭ್ಯಾಸ ನನಗೆ ಬಿಟ್ಟಿಲ್ಲ. ಮನೆಯ ಮಾತು ದಖನಿಯಾದರೂ ನಾವಿಬ್ಬರೂ ಕಾಗದ ಬರೆಯುವುದು ಶಾಲೆ ಕಲಿಸಿದ ಕನ್ನಡದಲ್ಲಿ. ಅದರಲ್ಲೇ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಇದೆಲ್ಲ ಅಲ್ಲಿ ನೀನು ಕಲಿಸುವ ಶಾಲೆಯಿಂದಲೇ ಶುರುವಾಯಿತು. ಹೋದ ವರ್ಷ ನೀನು ಅದರ ಕಥೆ ಬರೆದಿದ್ದೆ. ನೂರು ವರ್ಷಕ್ಕೂ ಹಿಂದೆ ಗಿರಣಿ ಕೆಲಸದವರ ಮಕ್ಕಳಿಗಾಗಿ ಕಟ್ಟಿದ ಪ್ರೌಢಶಾಲೆ. ಜರ್ಮನಿಯ ಆ ಕೆಟ್ಟ ಕಾಲದಲ್ಲಿ ಕಿವಿ ಕೇಳದ, ಕಾಲು ಇಲ್ಲದ ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಕರೆದೊಯ್ದರು, ಕೆಲವರು ತಿರುಗಿ ಬರಲಿಲ್ಲ. ಇವತ್ತು ಅದೇ ಕೋಣೆಗಳಲ್ಲಿ ಕೇಳುವವರು, ಕೇಳದವರು, ಗಾಲಿಕುರ್ಚಿಯವರು, ಯುದ್ಧ ತಪ್ಪಿಸಿಕೊಂಡು ಬಂದವರು ಒಟ್ಟಿಗೆ ಕೂರುತ್ತಾರೆ. ವರ್ಷಕ್ಕೊಂದು ದಿನ, ಹೋದವರಿಗಾಗಿ ಪ್ರತಿ ತರಗತಿಯಲ್ಲಿ ಒಂದು ಕುರ್ಚಿ ಖಾಲಿ ಇಡುತ್ತಾರೆ. ಆದರೆ ನನಗೆ ಕೆಲಸಕ್ಕೆ ಬಂದದ್ದು ಇನ್ನೊಂದು ಮಾತು. ಅಲ್ಲಿ ಹಳೆಯ ಮರದ ನೆಲ, ಟೀಚರ್ ಕಾಲಿನಿಂದ ಒಮ್ಮೆ ತುಳಿದರೆ ಸಾಕು, ಕಿವುಡ ಮಕ್ಕಳಿಗೆ ಅಂಗಾಲಿನಲ್ಲಿ ತಿಳಿದು ತಿರುಗಿ ನೋಡುತ್ತಾರೆ ಎಂದಿದ್ದೆ.

ಭಂಕೂರದ ಭಾಗ್ಯ ನಿನಗೆ ಗೊತ್ತು, ನೀನು ಭಾನುವಾರ ವಿಡಿಯೋದಲ್ಲಿ ಪಾಠ ಹೇಳುವ ಹುಡುಗಿ. ಹುಟ್ಟಿನಿಂದ ಕಿವಿ ಕೇಳದು. ಅವಳ ಅಜ್ಜಿ ಸುಂದರಬಾಯಿ ಎರಡು ಹೈಸ್ಕೂಲುಗಳ ಬಾಗಿಲಿನಿಂದ ವಾಪಸಾಗಿ ಜೂನಿನಲ್ಲಿ ನಮ್ಮಲ್ಲಿಗೆ ಬಂದಾಗ ನಾನೇ ಮುಂದೆ ನಿಂತು ಎಂಟನೇ ತರಗತಿಗೆ ಸೇರಿಸಿಕೊಂಡೆ. ಮುದುಕಿ ಹಾಕಿದ ಷರತ್ತು ಒಂದೇ. ಮಗು ಹೆದರಿದ ದಿನ ತಾನು ಅವಳನ್ನು ಚಿಮ್ಮನಚೋಡದ ಮಗಳ ಮನೆಗೆ ಕಳಿಸಿಬಿಡುವುದು. ಅಲ್ಲಿ ಹೊಲ ಇದೆ, ಓದು ಇಲ್ಲ.

ನಮ್ಮೂರಲ್ಲಿ ಮರದ ನೆಲ ಎಲ್ಲಿಂದ ತರಲಿ? ಮೂಲೆಯ ಹಳೆ ಕೋಣೆಯ ನೆಲ ಹೇಗೂ ಕಿತ್ತುಹೋಗಿತ್ತು. ಗಾರೆ ಕೆಲಸದ ಅಲ್ಲಾವುದ್ದೀನ ಚಾಚಾರನ್ನು ಕರೆಸಿ, ಹಾಸುವ ಫರಸಿ ಕಲ್ಲಿನ ಕೆಳಗೆ ಮುರುಮು ಮಣ್ಣು ತುಂಬಬೇಡಿ, ಅಂಚಿಗಷ್ಟೇ ಕಲ್ಲಿನ ಆಸರೆ ಕೊಟ್ಟು ನಡುವೆ ಖಾಲಿ ಬಿಡಿ, ತುಳಿದರೆ ಕೋಣೆಯೆಲ್ಲ ನಡುಗಬೇಕು ಎಂದೆ. ಹಾಸಿದ ಪ್ರತಿ ಕಲ್ಲನ್ನು ಕರಣೆಯ ಹಿಡಿಯಿಂದ ಬಡಿದು, ಪೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಹಾಸುವ ಮನುಷ್ಯ ಅವರು. ನನ್ನ ಮುಖವನ್ನೇ ನೋಡಿದರು. "ಜಿಂದಗಿ ತುಂಬ ಪೊಳ್ಳು ಬರಬಾರ್ದಂತ ಬಡದಾಡೀನಿ ಟೀಚರ್. ನೀವು ಪೊಳ್ಳೇ ಬೇಕಂತೀರಿ. ಯಾರಿಗೂ ನನ್ನ ಹೆಸರ ಹೇಳಬ್ಯಾಡ್ರಿ ಮತ್ತ," ಎಂದು ಹಾಸಿಕೊಟ್ಟರು.

ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಹಿಮ್ಮಡಿಯಿಂದ ಒಮ್ಮೆ ತುಳಿದರೆ ಕಿಟಕಿ ಪಕ್ಕದ ಮೊದಲ ಬೆಂಚಿನಲ್ಲಿ ಭಾಗ್ಯ ತಲೆ ಎತ್ತುತ್ತಾಳೆ. ಅವಳು ಎಲ್ಲರಿಗೂ ಕೈಯಲ್ಲಿ ಹೆಸರು ಇಟ್ಟಿದ್ದಾಳೆ, ಅಲ್ಲಿ ನಿನ್ನ ಮಕ್ಕಳು ಇಡುವ ಹಾಗೆಯೇ, ಮೈಯ ಗುರುತು ನೋಡಿ. ನಾನು ಮೂಗಿನ ತುದಿಗೆ ಜಾರುವ ಕನ್ನಡಕ. ಪಕ್ಕದ ಬೆಂಚಿನ ಫರ್ಹಾನ್ ಮುರಿದ ಹಲ್ಲು. ಆಡಳಿತ ಮಂಡಳಿಯ ಅಧ್ಯಕ್ಷ ರಮೇಶಕುಮಾರರು ಹೊಟ್ಟೆ, ಅದನ್ನು ಅವರಿಗೆ ನಾವು ಹೇಳಿಲ್ಲ. ಹಾಜರಿಯನ್ನು ನಾನು ಬಾಯಲ್ಲಿಯೂ ಕೈಯಲ್ಲಿಯೂ ಕರೆಯುತ್ತೇನೆ. ಮಕ್ಕಳಿಗೆ ದಿನದ ಅತಿ ದೊಡ್ಡ ಮೋಜು ಅದು.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ತಿರುಗಿದರೆ ಭಾಗ್ಯ ಕರೆಸಿಕೊಂಡವಳ ಹಾಗೆ ತಲೆ ಎತ್ತಿದ್ದಾಳೆ. ನಾನು ಕರೆಯಲಿಲ್ಲ ಎಂದು ಕೈ ಆಡಿಸಿದೆ. ಆಗ ಗಮನಿಸಿದೆ, ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಕಿಟಕಿಯನ್ನು. ಮರುದಿನ ಮತ್ತೆ. ಆ ವಾರವಿಡೀ ಮತ್ತೆ ಮತ್ತೆ. ಯಾರು ತುಳಿದರು ಎಂದು ಕೇಳಿದರೆ, ತುಳಿದದ್ದಲ್ಲ, ಕೆಳಗಿನಿಂದ ಬಡಿದದ್ದು ಎಂದು ಮುಷ್ಟಿ ಮಾಡಿ ತೋರಿಸಿದಳು. ಎರಡು ಸಲ ಮೆಲ್ಲಗೆ. ತಡೆದು, ಒಂದು ಸಲ ಜೋರಾಗಿ.

ಗೂಡ್ಸ್ ಗಾಡಿ ಇರಬೇಕು ಎಂದುಕೊಂಡೆ. ಗಾಡಿ ಹೋಗುವಾಗ ನೋಡಿದೆ, ಅವಳು ತಲೆ ಎತ್ತಲಿಲ್ಲ, ಅದು ಬೇರೆ ಎಂದಳು. ಖಣಿಯ ಸಿಡಿಮದ್ದು ಇರಬೇಕು ಎಂದರೆ, ಖಣಿ ರಜೆ ಇದ್ದ ದಿನವೂ ಬಂತು. ಹೆಗ್ಗಣವೇ ಎಂದು ಚಾಚಾರಿಂದ ಎರಡು ಕಲ್ಲು ಎತ್ತಿಸಿದೆ. ಕೆಳಗೆ ಒಣ ಧೂಳು, ಒಂದು ಇರುವೆಯ ಜಾಡೂ ಇರಲಿಲ್ಲ. ಕಡೆಗೆ ಊಟದ ಬಿಡುವಿನಲ್ಲಿ, ಮಕ್ಕಳೆಲ್ಲ ಹೊರಗಿರುವಾಗ, ಭಾಗ್ಯಳ ಜಾಗದಲ್ಲಿ ಬರಿಗಾಲಲ್ಲಿ ಕುಳಿತೆ. ಕಿವಿಗೆ ಏನೂ ಕೇಳಲಿಲ್ಲ ನಗ್ಮಾ. ಅಂಗಾಲಿಗೆ ಬಂತು. ಎರಡು ಮೆಲ್ಲಗೆ, ತಡೆದು ಒಂದು.

ಅದು ಯಾರ ಬಡಿತ ಎಂದು ನಿನಗೆ ಹೇಳಬೇಕಿಲ್ಲ. ನಮ್ಮ ಹಿರಿಯಕ್ಕ ಕಮರುನ್ನೀಸಾ, ನಮ್ಮ ಬಡೀ ಆಪಾ, ತೀರಿಕೊಂಡಾಗ ನೀನು ಚಿಕ್ಕವಳು, ಆದರೆ ಹೊಸ್ತಿಲ ಕಲ್ಲಿನ ಮೇಲೆ ಅವಳ ಆ ಬಡಿತವನ್ನು ಮರೆತಿರಲಾರೆ. ಒಳಗಿನಿಂದ ಬಾ ಎಂದರೆ ಭಾಗ್ಯಳ ಹಾಗೆ ಆಕೆಗೂ ಕೇಳುತ್ತಿರಲಿಲ್ಲ. ಅದಕ್ಕೇ ಅಮ್ಮಿ ಮಸಾಲೆ ಅರೆಯುವ ಗುಂಡುಕಲ್ಲಿನಿಂದ ನೆಲಕ್ಕೆ ಒಂದು ಏಟು ಕೊಡುತ್ತಿದ್ದರು. ಅಂಗಾಲಿಗೆ ಅದು ಮುಟ್ಟಿದ ಮೇಲೆಯೇ ಆಕೆ ಒಳಗೆ ಬರುತ್ತಿದ್ದಳು. ಉತ್ತರ ಬರುವವರೆಗೆ ಬಿಸಿಲಿರಲಿ ಮಳೆಯಿರಲಿ ಅಲ್ಲೇ ನಿಲ್ಲುತ್ತಿದ್ದಳು. ಇದೇ ಶಾಲೆ ಅವಳನ್ನು ಸೇರಿಸಿಕೊಳ್ಳಲಿಲ್ಲ. ನಾನು ಮೂರನೇ ತರಗತಿಯಲ್ಲಿದ್ದಾಗ ಅವಳು ನನ್ನನ್ನು ಬಿಡಲು ಬಂದು ಕಿಟಕಿಯ ಹೊರಗೆ ಒಂದು ಫರಸಿಯ ಮೇಲೆ ಕೂತು ಸಂಜೆಯವರೆಗೆ ಬೋರ್ಡು ನೋಡುತ್ತಿದ್ದಳು. ಒಂದೊಂದು ಸಲ ಗೋಡೆಗೆ ಹಾಗೆಯೇ ಬಡಿಯುತ್ತಿದ್ದಳು. ಆಗಿನ ಮಾಸ್ತರರು ಕಿಟಕಿ ಮುಚ್ಚಿಸುತ್ತಿದ್ದರು.

ಈ ಮೂಲೆಯ ಕೋಣೆಯೇ ಅದು. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಚಾಚಾ ಆ ಸಂಜೆ ಹೇಳಿದರು. ಕೆಲಸದ ಕೊನೆಗೆ ಒಂದು ಕಲ್ಲು ಕಡಿಮೆ ಬಿದ್ದಿತ್ತಂತೆ. ಹೊಸದು ತರಿಸುವುದೇಕೆ ಎಂದು ಕಿಟಕಿಯ ಹೊರಗೆ ಬಿದ್ದಿದ್ದ ಹಳೆಯ ಫರಸಿಯನ್ನು ಎತ್ತಿ ತಂದು ಹಾಸಿದ್ದರು. ನಾನು ಬಾಗಿ ಬೆಂಚಿನ ಕೆಳಗೆ ನೋಡಿದೆ. ಉಳಿದವಕ್ಕಿಂತ ಕಪ್ಪು ಕಲ್ಲು, ನಡುವೆ ಒಂದು ಕಡೆ ಕೂತು ಕೂತು ಸವೆದು ನುಣುಪಾಗಿದೆ. ಭಾಗ್ಯಳ ಕಾಲು ಇರುವುದು ಅದರ ಮೇಲೆ.

ಮಕ್ಕಳಿಗೆ ಗೊತ್ತಾದದ್ದು ಊರಿಗೆ ಗೊತ್ತಾಗಲು ತಡವೆ? ಇಬ್ಬರು ತಾಯಂದಿರು ಬಂದು ಮಕ್ಕಳನ್ನು ಆ ಕೋಣೆಯಲ್ಲಿ ಕೂರಿಸಬೇಡಿ ಎಂದರು. ರಮೇಶಕುಮಾರರು ಒಳ್ಳೆಯವರೇ, ಆದರೆ ಗದ್ದಲ ಅವರಿಗೆ ಆಗದು. ಸೋಮವಾರ ಸಿಮೆಂಟು ಸುರಿದು ಪೊಳ್ಳು ಮುಚ್ಚಿಸೋಣ, ಎಲ್ಲವೂ ಅಲ್ಲಿಗೆ ಮುಗಿಯುತ್ತದೆ ಎಂದರು. ಮುಚ್ಚಿದರೆ ನಾನು ತುಳಿದದ್ದೂ ಭಾಗ್ಯಳಿಗೆ ಮುಟ್ಟುವುದಿಲ್ಲ. ಅವಳು ಮತ್ತೆ ಸುಮ್ಮನೆ ಕೂತು ಬಾಯಿಗಳನ್ನು ನೋಡುವ ಹುಡುಗಿಯಾಗುತ್ತಾಳೆ. ಸುಂದರಬಾಯಿಯೂ ಹೋದ ವಾರದ ಶುಕ್ರವಾರ ಬಂದಳು, ಹುಡುಗಿಯ ಬಟ್ಟೆ ಗಂಟು ಕಟ್ಟಿಕೊಂಡೇ. ಬಸ್ಸು ಮಧ್ಯಾಹ್ನಕ್ಕಿತ್ತು. ಸತ್ತವರು ಕರೆದಾಗ ಓ ಎನ್ನಬಾರದು, ಓ ಎಂದವರನ್ನು ಕರೆದುಕೊಂಡೇ ಹೋಗುತ್ತಾರೆ, ನನ್ನ ಮೊಮ್ಮಗಳು ಮೂಕಿ, ಅವಳಿಗೆ ಇದು ಹೇಗೆ ತಿಳಿಯಬೇಕು ಎಂದಳು.

ನಾನು ಸುಳ್ಳು ಹೇಳಲಿಲ್ಲ. ಬಡೀ ಆಪಾಳ ಬಡಿತದ ಕಥೆಯನ್ನು ಬಾಗಿಲಲ್ಲಿ ನಿಂತೇ ಹೇಳಿದೆ. ಮುದುಕಿ ಗಂಟನ್ನು ಕೆಳಗಿಟ್ಟು, "ಅಂದ್ರ ಆಕಿ ಯಾರನ್ನೂ ಕರೀಲಿಕತ್ತಿಲ್ಲ," ಎಂದಳು. "ಒಳಗ ಬರ್ಲೇನು ಅಂತ ಕೇಳ್ಲಿಕತ್ತಾಳ."

ಹೌದು ಎಂದೆ.

ಆ ಹೊತ್ತಿಗೆ ತರಗತಿಯಲ್ಲಿ ಭಾಗ್ಯ ತಲೆ ಎತ್ತಿದಳು. ಸುಂದರಬಾಯಿ ಅದನ್ನು ಕಂಡಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಮೊಮ್ಮಗಳ ಪಕ್ಕದಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ನಿಂತಳು. ಅವಳಿಗೆ ಏನು ತಿಳಿಯಿತೋ ಕೇಳಲಿಲ್ಲ, ಮುಖ ಮಾತ್ರ ನೋಡಿದೆ. "ಎರಡು ಸಾಲಿ ಬಾಗಲಾ ಬಡದೀನ್ರಿ ಇಕಿ ಸಲುವಾಗಿ," ಎಂದಳು. "ಒಬ್ರೂ ಬಾ ಅನ್ಲಿಲ್ಲ. ಹೊರಗ ನಿಲ್ಲೂದು ಹ್ಯಾಂಗಿರ್ತದಂತ ನನಗ ಗೊತ್ತದ." ಆಮೇಲೆ ಹಿಮ್ಮಡಿ ಎತ್ತಿ, ನೆಲಕ್ಕೆ ಒಂದು ಏಟು ಕೊಟ್ಟಳು. ಹಿಂದಿನ ಬೆಂಚಿನವರೆಗೂ ಕೋಣೆ ನಡುಗಿತು. ಮಕ್ಕಳು ಯಾರೂ ನಗಲಿಲ್ಲ.

ಆವತ್ತಿನಿಂದ ಬಡಿತ ಬಂದಿಲ್ಲ. ಮುದುಕಿ ಗಂಟು ಬಿಚ್ಚಿ ಬಟ್ಟೆಗಳನ್ನು ಭಂಕೂರಕ್ಕೇ ವಾಪಸು ಒಯ್ದಳು. ಹೋಗುವಾಗ ರಮೇಶಕುಮಾರರ ಆಫೀಸಿಗೆ ನುಗ್ಗಿ, "ಸಾಹೇಬ್ರ, ನಿಮ್ಮ ಸಿಮೆಂಟ ನಿಮ್ಮ ಮನಿಗೇ ಇಟ್ಕೋರಿ," ಎಂದಳಂತೆ. ಇದು ನಾನು ಕಂಡದ್ದಲ್ಲ, ಗುಮಾಸ್ತರು ಹೇಳಿದ್ದು. ಆದರೆ ಸೋಮವಾರದ ಕೆಲಸ ರದ್ದಾದದ್ದು ನಿಜ. ನೆಲ ಹಾಗೆಯೇ ಇರುತ್ತದೆ, ಭಾಗ್ಯ ಓದುತ್ತಾಳೆ.

ನಿನ್ನ ಶಾಲೆಯ ಮಕ್ಕಳಿಗೆಲ್ಲ ಶಹಾಬಾದಿನ ಮಕ್ಕಳ ಸಲಾಂ, ನಮಸ್ಕಾರ ಎರಡೂ ತಿಳಿಸು. ಕಿವಿಗೆ ಟೋಪಿ ಹಾಕಿಕೋ. ಅಲ್ಲಾಹ್ ನಿನ್ನನ್ನು ಬೆಚ್ಚಗಿಡಲಿ.

ನಿನ್ನ,
ಜಬೀನಾ ಆಪಾ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಮೇಲಿನದೆಲ್ಲ ಬರೆದದ್ದು ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು. ಇವತ್ತು ಭಾಗ್ಯ ಬೆಂಚಿನ ತುದಿಗೆ ಸರಿದು, ಕಿಟಕಿಯ ಕಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು. ಯಾರಿಗೆ ಎಂದು ಕೇಳಿದೆ. ಹೊಸ ಹುಡುಗಿ ಎಂದಳು. ಹೆಸರೇನು ಎಂದೆ. ತೋರುಬೆರಳಿನಿಂದ ಎಡ ಹುಬ್ಬನ್ನು ಅಡ್ಡಲಾಗಿ ಕತ್ತರಿಸಿ ತೋರಿಸಿದಳು. ಅಬ್ಬಾರ ಯಾರ್ಡಿನಲ್ಲಿ ಕಲ್ಲಿನ ಚೂರು ಸಿಡಿದು ಆದ ಗಾಯ, ನೀನು ನಿದ್ದೆ ಬರುವವರೆಗೆ ಬೆರಳಿನಿಂದ ಸವರುತ್ತಿದ್ದೆಯಲ್ಲ, ಅದೇ. ಬಡೀ ಆಪಾಳ ಒಂದು ಫೋಟೋ ಕೂಡ ಇಲ್ಲ. ನಿನ್ನನ್ನೂ ನನ್ನನ್ನೂ ಬಿಟ್ಟರೆ ಆ ಹುಬ್ಬನ್ನು ಬಲ್ಲವರು ಯಾರೂ ಉಳಿದಿಲ್ಲ, ನಾನು ಯಾರಿಗೂ ಹೇಳಿಲ್ಲ. ಭಾನುವಾರದ ಪಾಠದಲ್ಲಿ ಎಂದಾದರೂ ನೀನು ಭಾಗ್ಯಳಿಗೆ ಹೇಳಿದ್ದೀಯಾ? ಹೇಳಿದ್ದರೆ ಹೌದು ಎಂದು ಬರೆ, ನನ್ನ ಮನಸ್ಸು ಹಗುರಾಗುತ್ತದೆ. ಇಲ್ಲವಾದರೆ ಏನೂ ಬರೆಯಬೇಡ. ನಿನ್ನ ಕಾಗದ ಬರದಿದ್ದರೆ ಹಾಜರಿಯಲ್ಲಿ ಆ ಹೆಸರನ್ನೂ ಕರೆಯಲು ಶುರುಮಾಡುತ್ತೇನೆ.