ಇಪ್ಪತ್ತೈದು ಗಂಟೆಯ ದೂರು

೧೪, ಟ್ಯಾನರಿ ರೋ, ಸ್ಕೆಲ್ಬರೊ
ಭಾನುವಾರ, ಮಾರ್ಚ್ ೯

ಅಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ನಿನ್ನ ಡೆರೆಕ್‌ನ ಬೆನ್ನುನೋವು ಹೇಗಿದೆ? ಇವೆಲ್ಲ ಅಜ್ಜಿ ಕೇಳಿಸಿದ ಪ್ರಶ್ನೆಗಳು, ನನ್ನವಲ್ಲ. 'ಪ್ರೀತಿಯ ಅಮ್ಮಾ' ಎಂದು ಶುರುಮಾಡಲೂ ಹೇಳಿದಳು. ಅದನ್ನು ಬರೆಯಲಾಗಲಿಲ್ಲ. ಅಜ್ಜಿ ಪರವಾಗಿಲ್ಲ. ಹಿಮ್ಮಡಿಯ ಹುಣ್ಣು ಮಾಯುತ್ತಿದೆ. ನಾನು ಕಾರು ತೊಳೆಯುವ ಕೆಲಸ ಬಿಟ್ಟು ಬೇಕರಿಗೆ ಸೇರಿದ್ದೇನೆ. ವರ್ಷದಲ್ಲಿ ನಾಲ್ಕನೆಯದು ಎಂದು ನೀನು ಹೇಳುವ ಮೊದಲೇ ನಾನೇ ಹೇಳಿದೆ.

ಜನವರಿಯಲ್ಲಿ ನಾನು ಊರಿನ ಕೌನ್ಸಿಲ್‌ಗೆ ಬರೆದ ದೂರಿಗೆ ಉತ್ತರ ಬಂದಿದೆ. ಆಗ ಏನಾಯಿತೆಂದು ಫೋನಿನಲ್ಲಿ ಅರ್ಧ ಹೇಳಿದ್ದೆ, ಇನ್ನರ್ಧ ನೀನು ಕೇಳಲಿಲ್ಲ. ಬೇರೆ ಊರಿನಲ್ಲಿ ಕ್ಯಾರವಾನ್ ಬಂಡಿಗಳನ್ನು ತೊಳೆಯುವ ಎರಡು ದಿನದ ಕೆಲಸಕ್ಕೆ ಹೋಗಿದ್ದವಳು ಶನಿವಾರ ಮಧ್ಯಾಹ್ನ ಎರಡಕ್ಕೆ ವಾಪಸು ಬಂದೆ. ಅಜ್ಜಿ ಕುರ್ಚಿಯಲ್ಲಿದ್ದಳು. ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಕೌನ್ಸಿಲ್ ಕಳಿಸುವ ಆರೈಕೆಯ ಮಾರ್ಲೀನ್ ಸೂಪು ಕುಡಿಸಿ ಕೂರಿಸಿಹೋದ ಅದೇ ಕುರ್ಚಿ. ಸಂಜೆ ಚಹಾಕ್ಕೆ ಯಾರೂ ಬಂದಿಲ್ಲ, ಮಲಗಿಸಲು ಬಂದಿಲ್ಲ, ಬೆಳಿಗ್ಗೆಯೂ ಬಂದಿಲ್ಲ. ಕೊರಳಿಗೆ ಹಾಕಿಕೊಂಡು ಸಹಾಯ ಬೇಕಾದಾಗ ಒತ್ತುವ ಕರೆಗುಂಡಿ ಸ್ನಾನದ ಮನೆಯ ಮೊಳೆಯಲ್ಲಿತ್ತು. ಬಟ್ಟೆಯೆಲ್ಲ ಒದ್ದೆ. ಬಾಯಾರಿ ಹೂದಾನಿಯ ನೀರು ಕುಡಿದಿದ್ದಳು. "ಸ್ವಲ್ಪ ಕೊಳದ ರುಚಿ ಇತ್ತು ಕಣೆ, ಆದ್ರೆ ಹೂವು ಬೇಜಾರು ಮಾಡ್ಕೊಳ್ಲಿಲ್ಲ" ಅಂದಳು. ನಾಲ್ಕು ದಿನ ಆಸ್ಪತ್ರೆ.

ಯಾರಿಗಾದರೂ ನೋವು ಮಾಡಲೇಬೇಕು ಅನಿಸಿತ್ತು ನನಗೆ. ಮಾರ್ಲೀನ್ ಎದುರು ಬೀದಿಯಲ್ಲಿ ಸಿಕ್ಕಳು. ಎಲ್ಲರ ಮುಂದೆ ಸೋಮಾರಿ ಹಂದಿ ಎಂದು ಕೂಗಿದೆ. ದೂರಿನಲ್ಲಿ ಅವಳ ಹೆಸರು ಹಾಕಿದೆ. 'ಏನಾಗಬೇಕೆಂದು ಬಯಸುತ್ತೀರಿ?' ಎಂಬ ಜಾಗ ಇರುತ್ತದೆ ಆ ಫಾರಂನಲ್ಲಿ. ಒದ್ದೆ ಬಟ್ಟೆಯಲ್ಲಿ ಇಪ್ಪತ್ತೈದು ಗಂಟೆ ಅವಳನ್ನು ಕೂರಿಸಿ ಎಂದು ಬರೆದೆ. ವಿಚಾರಣೆ ಮುಗಿಯುವವರೆಗೆ ಅವಳನ್ನು ಕೆಲಸದಿಂದ ದೂರ ಇಟ್ಟರು. ಮೂರು ವಾರ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಆಮೇಲೆ ದೂರು ವಿಚಾರಿಸಲು ಕೌನ್ಸಿಲ್‌ನ ಪ್ರಿಚರ್ಡ್ ಮನೆಗೇ ಬಂದ. ತೆಳ್ಳಗಿನ ಮನುಷ್ಯ, ಕೋಟು ಬಿಚ್ಚಲಿಲ್ಲ, ಬಿಸ್ಕತ್ತು ಮಾತ್ರ ಐದು ತಿಂದ. ಅವನು ಕೇಳಿದ್ದೆಲ್ಲ ಅಜ್ಜಿಯನ್ನೇ, ನನ್ನನ್ನಲ್ಲ. ಅದು ಹಿಡಿಸಿತು. ಆರೈಕೆಯ ಕಚೇರಿಗೆ ಬಂದ ಫೋನ್‌ಗಳ ರೆಕಾರ್ಡಿಂಗ್ ಎಲ್ಲ ಕೇಳಿಸಿಕೊಂಡಿದ್ದನಂತೆ. ಆ ಶುಕ್ರವಾರ ಹನ್ನೊಂದು ಗಂಟೆಗೆ ಒಬ್ಬರು ಫೋನ್ ಮಾಡಿ, "ಸಂಜೆಯಿಂದ ನಾನೇ ಇರ್ತೀನಿ, ಸೋಮವಾರದವರೆಗೆ ಯಾರನ್ನೂ ಕಳಿಸ್ಬೇಡಿ" ಅಂದಿದ್ದಾರೆ. ಫೋನ್ ಎತ್ತಿದ ಹುಡುಗಿ ಎಲ್ಲ ಭೇಟಿ ರದ್ದು ಮಾಡಿ, ಮಾರ್ಲೀನ್‌ಗೆ ಮೆಸೇಜು ಕಳಿಸಿ, ಊಟಕ್ಕೆ ಹೋಗಿದ್ದಾಳೆ. ಅಜ್ಜಿಯನ್ನು ಒಂದು ಮಾತು ಕೇಳಿಲ್ಲ. ಪ್ರಿಚರ್ಡ್ ಹೆಸರು ಹೇಳದೆ "ಕುಟುಂಬದ ಮೊದಲ ಸಂಪರ್ಕ" ಎಂದ. ಅಜ್ಜಿಯ ಫೈಲಿನಲ್ಲಿ ಆ ಜಾಗದಲ್ಲಿ ಒಬ್ಬರೇ ಇದ್ದಾರೆ ಅಮ್ಮಾ. ಅಜ್ಜಿ ಕಿಟಕಿ ನೋಡುತ್ತ, "ಅವಳಿಗೆ ರೈಲು ತಪ್ಪಿರ್ಬೇಕು ಪಾಪ" ಅಂದಳು. ರೈಲು ತಪ್ಪಿರಲಿಲ್ಲ. ಆ ಶನಿವಾರ ಡೆರೆಕ್‌ನ ಅಕ್ಕನ ಪಾರ್ಟಿಯಲ್ಲಿ ನೀನು ಬೆಳ್ಳಿ ಟೋಪಿ ಹಾಕಿ ಕುಣಿಯುವ ಫೋಟೊವನ್ನು ನೀನೇ ಆನ್‌ಲೈನಿನಲ್ಲಿ ಹಾಕಿದ್ದೆ. ಬರಲಾಗುವುದಿಲ್ಲ ಎಂದು ಇನ್ನೊಂದು ಫೋನ್ ಮಾಡಲು ನಿನಗೆ ಏನಾಗಿತ್ತು?

ಉತ್ತರದ ಕಾಗದದಲ್ಲಿ ದೂರು ಭಾಗಶಃ ಸರಿ ಎಂದಿದೆ. ಮಾರ್ಲೀನ್ ಮೇಲಿನದು ಸುಳ್ಳು, ಉಳಿದದ್ದು ನಿಜ. ಇನ್ನು ಮುಂದೆ ಸಂಬಂಧಿಕರು ಯಾರೇ ಭೇಟಿ ನಿಲ್ಲಿಸಿದರೂ ಮೊದಲು ಆ ಮುದುಕಿಗೋ ಮುದುಕನಿಗೋ ಫೋನ್ ಮಾಡಿ ಕೇಳುತ್ತಾರಂತೆ, ಅದೇ ಸಂಜೆ ಮತ್ತೊಮ್ಮೆ ವಿಚಾರಿಸುತ್ತಾರಂತೆ. ಈ ಊರಿನ ಆರುನೂರು ಮನೆಗಳಿಗೆ ಈಗ ಇದೇ ನಿಯಮ. ನೀನು ಮಾಡಿದ್ದರಿಂದ ಕೌನ್ಸಿಲ್ ಕಲಿತದ್ದು ಇಷ್ಟು.

ಮಾರ್ಲೀನ್ ಮನೆಗೆ ಕ್ಷಮೆ ಕೇಳಲು ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. ಹನ್ನೊಂದು ವರ್ಷ ಅವಳು ನೋಡಿಕೊಂಡ ಆಗ್ಡನ್ ಮುದುಕ ಆ ಮೂರು ವಾರದಲ್ಲೇ ತೀರಿಕೊಂಡ. ಕೆಲಸದಿಂದ ದೂರ ಇಡಲ್ಪಟ್ಟವರು ತಾವು ನೋಡಿಕೊಳ್ಳುತ್ತಿದ್ದವರ ಮನೆಗೆ ಹೋಗುವಂತಿಲ್ಲ. "ದಿನಾ ನನ್ನನ್ನೇ ಕೇಳ್ತಿದ್ದನಂತೆ. ನಿನ್ನ 'ಸಾರಿ'ಯನ್ನ ಅವನ ಗೋರಿ ಮೇಲಿಟ್ಟು ಬಾ, ಹೋಗು" ಅಂದಳು. ಹೋಗಿ ಇಟ್ಟುಬಂದೆ. ಏನೂ ಹಗುರಾಗಲಿಲ್ಲ.

ಬರುವ ಗುರುವಾರ ಫೋನ್ ಎತ್ತುವವರಿಗೆಲ್ಲ ಕೌನ್ಸಿಲ್‌ನಲ್ಲಿ ಪಾಠ ಇದೆ. ನಡೆದದ್ದನ್ನು ನಾನೇ ಬಂದು ಹೇಳಬೇಕಂತೆ. ಶಾಲೆ ಬಿಟ್ಟವಳು ನಲವತ್ತು ಜನಕ್ಕೆ ಪಾಠ ಮಾಡುವುದು ನಿನಗೆ ನಗು ತರಿಸಬಹುದು. 'ಒಬ್ಬ ಸಂಬಂಧಿ' ಎಂದಷ್ಟೇ ಹೇಳು ಎಂದು ಪ್ರಿಚರ್ಡ್ ಕೇಳಿಕೊಂಡ. ಆಗುವುದಿಲ್ಲ ಎಂದೆ. 'ನನ್ನ ಅಮ್ಮ' ಎಂದೇ ಹೇಳುತ್ತೇನೆ. ಮಾರ್ಲೀನ್‌ಗೆ ನಾನು ಮಾಡಿದ್ದನ್ನೂ ಹೇಳುತ್ತೇನೆ. ನಿನ್ನದಕ್ಕಿಂತ ಒಂದು ಮಾತು ಕಮ್ಮಿ ಇರುವುದಿಲ್ಲ.

ಅಜ್ಜಿ ಮುತ್ತು ಕಳಿಸಿದ್ದಾಳೆ. ಅದು ಅವಳದು, ತಲುಪಿಸಿದ್ದೇನೆ.

ಕೆಲ್ಸಿ

ಮರೆತೆ: ಈಸ್ಟರ್‌ಗೆ ಬರುತ್ತೇನೆಂದು ಅಜ್ಜಿಗೆ ಮತ್ತೆ ಹೇಳಿದ್ದೀಯಂತೆ. ಬಾಗಿಲ ಪಕ್ಕದ ಬೀಗದ ಕೈ ಡಬ್ಬಿ ತೆರೆಯಲು ಇಷ್ಟು ವರ್ಷ ಒತ್ತಬೇಕಿದ್ದದ್ದು ನೀನು ಹುಟ್ಟಿದ ದಿನದ ಸಂಖ್ಯೆ. ನಿನ್ನೆ ಬದಲಾಯಿಸಿದೆ. ಹೊಸ ಸಂಖ್ಯೆ ಆರೈಕೆಯವರಿಗೆ ಗೊತ್ತು. ನಿನಗೆ ಹೇಳಬೇಡ ಎಂದು ಅಜ್ಜಿ ಹೇಳಿಲ್ಲ, ಹೇಳದಿರುವುದು ನಾನು. ಬಂದರೆ ಬಾಗಿಲು ತಟ್ಟು. ಅಜ್ಜಿಗೆ ಕೇಳಿಸುತ್ತದೆ, ಏಳಲು ಆಗುವುದಿಲ್ಲ. ಮೆಟ್ಟಿಲ ಮೇಲೆ ಕೂತಿರು. ಯಾರಾದರೂ ಬರುತ್ತಾರೆ.