ಟಪಾಲಿನವಳ ಕಾಲು

ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಗುಬ್ಬಿಗೆ,

ಅಕ್ಕನ ಕಡೆಯಿಂದ ಬೆಟ್ಟದಷ್ಟು ಪ್ರೀತಿ. ಇಷ್ಟು ವರ್ಷ ಊರವರಿಗೆಲ್ಲ ಕಾಗದ ಹಂಚಿದವಳು ನೀನು. ನಿನ್ನ ಹೆಸರಿಗೆ ಯಾರಾದರೂ ನಾಲ್ಕು ಸಾಲು ಬರೆದದ್ದುಂಟೇ? ಮೊದಲನೆಯದೇ ಇಂಥದ್ದಾಯಿತಲ್ಲ ಎಂದು ಬೈಯಬೇಡ, ಪೂರ್ತಿ ಓದು.

ನಿನ್ನನ್ನು ಐಸಿಯುನಿಂದ ವಾರ್ಡಿಗೆ ತಂದರು, ನರ್ಸಮ್ಮನ ಜೊತೆ ಜಗಳವಾಡುವಷ್ಟು ಉಸಿರು ಬಂದಿದೆ ಎಂದು ನಿಮ್ಮವರು ಬಂದು ಹೇಳಿದಾಗ ನನಗೆ ಹೋದ ಜೀವ ಬಂತು. ಜಗಳ ಯಾತಕ್ಕೆಂದು ಕೇಳಿದ ಮೇಲೆ ಕಾಗದ, ಪೆನ್ನು ತರಿಸಿಕೊಂಡೆ. ಎದ್ದು ನಿಲ್ಲು ಎಂದರೆ ಒಲ್ಲೆ ಎನ್ನುತ್ತೀಯಂತೆ. ಎದ್ರೆ ಮತ್ತೆ ಉಸಿರು ನಿಂತುಹೋಗತ್ತೆ, ಅಕ್ಕ ಇದ್ದಿದ್ರೆ ನನ್ನನ್ನ ಹೀಗೆ ಗೋಳು ಹೊಯ್ಕೊಳ್ಳೋಕೆ ಬಿಡ್ತಿರಲಿಲ್ಲ, ಅಂದೆಯಂತೆ.

ಗುಬ್ಬಿ, ಅಕ್ಕ ಇದ್ದದ್ದರಿಂದಲೇ ನಿನಗೆ ಹೀಗಾಯಿತು.

ಯಾರದೋ ಮನೆಗೆ ರಿಜಿಸ್ಟರ್ ಕಾಗದ ಕೊಟ್ಟು ಮೆಟ್ಟಿಲಿಳಿಯುವಾಗ ಜಾರಿ ಬಿದ್ದೆ, ಕಾಲಿನ ಮೂಳೆ ಮುರಿಯಿತು, ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ನಿನ್ನ ಆ ಒಡೆದ ಹಿಮ್ಮಡಿ ನೋಡಿ ನನ್ನ ಕರುಳು ಚುರ್ ಅಂದಿತು. ಬಿಸಿಲೆನ್ನದೆ ಬೀದಿ ಬೀದಿ ಅಲೆದ ಕಾಲು, ಮೂಳೆ ಮುರಿದಾದರೂ ನಾಲ್ಕು ದಿನ ಸುಮ್ಮನಿರಲಿ ಎಂದುಕೊಂಡೆ. ಮರುದಿನದಿಂದಲೇ ವಾಕರ್ ಹಿಡಿಸಿ ಕಿಟಕಿಯವರೆಗೆ ನಡೆಸಿ, ಮಲಗಿದಾಗ ಪಾದ ಆಡಿಸಲಿ, ನೀರು ಚೆನ್ನಾಗಿ ಕುಡಿಯಲಿ ಎಂದು ನರ್ಸಮ್ಮ ಹೇಳಿಯೇ ಹೋಗಿದ್ದರು. ನಾನು ಮಾಡಿದ್ದೇನು? ಬೆಳಿಗ್ಗೆ ಅವರು ಬಂದು ನಡೆದರಾ ಎಂದು ಕೇಳುವುದು, ನೀನು ಬಾಯಿ ತೆರೆಯುವ ಮೊದಲೇ ನಾನು "ಓ, ಕಿಟಕಿ ತನಕ ಹೋಗಿ ಬಂದ್ಲು" ಎನ್ನುವುದು, ಅವರು ಬೆನ್ನು ತಿರುಗಿಸಿದ ಮೇಲೆ ಇಬ್ಬರೂ ಕಿಸಕ್ಕನೆ ನಗುವುದು. ಚಿಕ್ಕವರಿದ್ದಾಗ ಶಾಲೆಗೆ ಚಕ್ಕರ್ ಹೊಡೆದು ಅಮ್ಮನಿಗೆ ಸುಳ್ಳು ಹೇಳುತ್ತಿದ್ದೆವಲ್ಲ, ಅದೇ ಸಂಭ್ರಮ. ಪದೇ ಪದೇ ಏಳಬೇಕಾಗುತ್ತದೆಂದು ನೀರನ್ನೂ ಗುಟುಕು ಗುಟುಕು ಕೊಟ್ಟೆ. ಹುಲ್ಲುಕಡ್ಡಿ ಎತ್ತಿ ಆಚೆ ಇಡಲು ಬಿಡಲಿಲ್ಲ ನಿನ್ನನ್ನು. ಇದೇ ಪ್ರೀತಿ ಎಂದು ತಿಳಿದಿದ್ದೆ, ನನ್ನ ಬುದ್ಧಿಗಿಷ್ಟು.

ಮೀನಖಂಡ ಬಿಗೀತಿದೆ ಅಕ್ಕಾ ಎಂದು ನೀನು ನರಳಿದಾಗಲೂ ಯಾರನ್ನೂ ಕರೆಯಲಿಲ್ಲ. ನರ ಹಿಡಿದಿರಬೇಕೆಂದು ಕೂತು ನೀವಿದೆ. ಮರುದಿನ ನೀನು ಎದೆ ಹಿಡಿದುಕೊಂಡು, ಉಸಿರಿಗೆ ಒದ್ದಾಡುವಾಗ ಡಾಕ್ಟರು ಓಡಿಬಂದರು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿದೆ ಎಂದರು. ಆಪರೇಷನ್ ಆದವರಿಗೆ, ಅದರಲ್ಲೂ ಅಲ್ಲಾಡದೆ ಮಲಗಿದವರಿಗೆ ಈ ಭಯ ಹೆಚ್ಚಂತೆ. ನಿನ್ನನ್ನು ಅಲ್ಲಾಡದೆ ಮಲಗಿಸಿದವಳು ನಾನೇ.

ಇನ್ನೂ ಇದೆ. ಆಪರೇಷನ್ನಿಗೆ ಮುಂಚೆ ಡಾಕ್ಟರು ನಿನ್ನನ್ನು ಕೇಳಿದ ಪ್ರಶ್ನೆಗಳಿಗೂ ನಾನೇ ಮೂಗು ತೂರಿಸಿ ಉತ್ತರ ಹೇಳಿದೆನಲ್ಲ. ಮಾತ್ರೆ ಏನಾದರೂ ತಗೊಳ್ತೀರಾ ಎಂದರು. ಮುಟ್ಟು ಹೆಚ್ಚು ಹೋಗುತ್ತದೆಂದು ನೀನು ನುಂಗುವ ಹಾರ್ಮೋನು ಮಾತ್ರೆಯ ವಿಷಯ ಗಂಡಸರ ಮುಂದೆ ಯಾಕೆ ಎಂದು ಇಲ್ಲ ಎಂದೆ. ಮನೆಯಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದರು. ನಮ್ಮೋರ ಕಾಲು ಕಬ್ಬಿಣ ಡಾಕ್ಟ್ರೇ ಎಂದು ಜೋಕು ಹೊಡೆದೆ. ಅಮ್ಮ ಎದೆನೋವಿನಿಂದ ಹೋದಳೆಂದು ನಿನಗೆ ಹೇಳಿಕೊಂಡು ಬಂದಿದ್ದೇವೆ. ಆಗ ನೀನು ಇನ್ನೂ ಶಾಲೆಗೆ ಹೋಗುವ ಹುಡುಗಿ. ಅದಕ್ಕೂ ಮುಂಚೆ ಅವಳ ಒಂದು ಕಾಲು ಊದಿತ್ತು, ಅದು ಹೆಪ್ಪು ಎಂದೇ ಆಗಿನ ಡಾಕ್ಟರು ಅಂದಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ರೋಗವಿದೆ ಎಂದಾಗಬಾರದೆಂದು ಅಪ್ಪ ಬಾಯಿ ಮುಚ್ಚಿಸಿದರು. ನಾನು ಇವತ್ತಿಗೂ ಮುಚ್ಚಿಕೊಂಡೇ ಇದ್ದೆ, ನೋಡು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಎಲ್ಲವನ್ನೂ ಡಾಕ್ಟರಿಗೆ ಹೇಳಿದ್ದೇನೆ. ಆ ಹಾರ್ಮೋನು ಮಾತ್ರೆಯಿಂದಲೂ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚಂತೆ, ಅದನ್ನು ನಿಲ್ಲಿಸಿದರು. ರಕ್ತ ತೆಳುವಾಗುವ ಔಷಧ ಎಷ್ಟು ದಿನ ಬೇಕೆಂದು ಅಮ್ಮನ ವಿಷಯವನ್ನೂ ಲೆಕ್ಕಕ್ಕೆ ಹಿಡಿದು ನೋಡುತ್ತಾರಂತೆ. ನೀನು ಇನ್ನು ನಡೆಯಬಹುದು, ನಡೆಯಲೇಬೇಕು ಎಂದು ಅವರೇ ಹೇಳಿದ್ದಾರೆ. ನನ್ನ ಮಾತು ಕೇಳಿ ಮಲಗಿದೆ. ಈ ಸಲ ನರ್ಸಮ್ಮನ ಮಾತು ಕೇಳಿ ಏಳು, ನನ್ನ ಬಂಗಾರ. ನಿನಗೇನಾದರೂ ಆಗಿದ್ದರೆ ನಾನು ಯಾರ ಮುಖ ನೋಡಿಕೊಂಡು ಬದುಕಬೇಕಿತ್ತು?

ನಿನ್ನ ಪರವಾಗಿ ಎಲ್ಲದಕ್ಕೂ ಉತ್ತರ ಹೇಳಿದ,
ನಿನ್ನ ಅಕ್ಕ

ವಿ.ಸೂ.: ಅಂಗಡಿಯಲ್ಲಿ ಯೂನಿಫಾರಂ ಹೊಲಿಯುವ ಅವಸರ, ಅದಕ್ಕೇ ಅಕ್ಕ ಊರಿಗೆ ಹೋದಳು ಎಂದು ನಿಮ್ಮವರು ಹೇಳಿದ್ದು ಸುಳ್ಳು, ನಾನೇ ಹೇಳಿಸಿದ್ದು, ಪಾಪ ಅವರನ್ನು ಬೈಯಬೇಡ. ನಾನು ಎಲ್ಲೂ ಹೋಗಿಲ್ಲ. ನಿನ್ನ ವಾರ್ಡಿನ ಕೆಳಗಿನ ಮಹಡಿಯಲ್ಲಿ, ಬಾಗಿಲ ಪಕ್ಕದ ಮಂಚದಲ್ಲಿದ್ದೇನೆ. ಎಡಗಾಲು ಊದಿದೆ, ನಿನ್ನದೇ ಕಾಯಿಲೆ. ಹೊಲಿಗೆ ಮೆಷಿನ್ನಿಗೆ ಮೋಟರು ಹಾಕಿಸಿದ ಮೇಲೆ ಕಾಲಲ್ಲಿ ತುಳಿಯುವ ಕೆಲಸವೂ ತಪ್ಪಿತ್ತು, ಅದರ ಮೇಲೆ ನಿನ್ನ ಪಕ್ಕದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತೇ ಇದ್ದೆನಲ್ಲ. ಬೇಗ ಗೊತ್ತಾಯಿತು, ಗಾಬರಿ ಬೇಡ ಎಂದಿದ್ದಾರೆ. ಇಲ್ಲಿಯ ನರ್ಸಮ್ಮನೂ ಬೆಳಿಗ್ಗೆ ಬಂದು ನಡೆದಿರಾ ಎಂದು ಕೇಳುತ್ತಾರೆ. ನನ್ನ ಪರವಾಗಿ ಸುಳ್ಳು ಹೇಳಲು ಯಾರೂ ಇಲ್ಲ. ಈ ಕಾಗದಕ್ಕೆ ಉತ್ತರ ಬರೆದರೆ ನಿಮ್ಮವರ ಕೈಯಲ್ಲಿ ಕಳಿಸಬೇಡ. ಲಿಫ್ಟಿದೆ, ವಾಕರ್ ಇದೆ. ಟಪಾಲಿನವಳು ನೀನು, ನೀನೇ ನಡೆದು ತಂದುಕೊಡು.