ನೆಲದಡಿಯ ಪಾಲು

ಆರ್ವಿಲ್,

ಹೋದ ಗುರುವಾರ ಔಷಧಿ ಅಂಗಡಿಯ ಸಾಲಿನಲ್ಲಿ ನೀನು ನನ್ನ ಮುಂದೆಯೇ ನಿಂತಿದ್ದೆ. ನಾನು ಕೆಮ್ಮಿದ ಸದ್ದಿಗೆ ತಿರುಗಿ ನೋಡಿ, ಟೋಪಿ ತೆಗೆದು, ಪಕ್ಕಕ್ಕೆ ಸರಿದು, "ನೀವು ಮೊದ್ಲು ಹೋಗಿ" ಅಂದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಎರಡು ವರ್ಷದವನಿದ್ದಾಗಿನಿಂದ ನನ್ನ ಸೊಂಟದ ಮೇಲೆ ಕೂತು ಬೆಳೆದವನು ನೀನು. ನಾಲ್ಕು ಜನರೆದುರು ನೀನು ನನ್ನನ್ನು ಬೈದಿದ್ದರೂ ಮನೆಗೆ ಬಂದು ಅತ್ತು ಹಗುರಾಗುತ್ತಿದ್ದೆ. ನೀನು ಮರ್ಯಾದೆ ಕೊಟ್ಟುಬಿಟ್ಟೆ. ಮಾತ್ರೆ ತೆಗೆದುಕೊಳ್ಳದೆಯೇ ಹೊರಗೆ ಬಂದು ಕಾರಿನಲ್ಲಿ ಕೂತೆ. ಈ ಪತ್ರ ಬರೆಯಬೇಕೆಂದು ಅಲ್ಲೇ ತೀರ್ಮಾನಿಸಿದೆ. ಎಂಟು ವರ್ಷ ತಡವಾಗಿದೆ.

ಅಮ್ಮ ತೀರಿಕೊಂಡ ಮೇಲೆ ಪಾಲು ಮಾಡಿಕೊಳ್ಳಲು ನಾವು ಮೂವರೂ ಅವಳ ಅಡುಗೆಮನೆಯಲ್ಲಿ ಕೂತದ್ದು ಮಾರ್ಚಿಯಲ್ಲಿ. ನಡೀನ್ ಒಹಾಯೋದಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಫೇ ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಬಡಿಸಿ, ಇದು ಒಡಹುಟ್ಟಿದವರ ಮಾತು, ಸೊಸೆಯಾದ ನಾನಿರಬಾರದು ಎಂದು ಹೊರಗೆ ಹೋದಳು. ಮೊದಲು ಬಾಯಿ ತೆಗೆದದ್ದು ನಡೀನ್. "ಒಂಬತ್ತು ವರ್ಷ ಅಮ್ಮನ್ನ ಎತ್ತಿ ಇಳಿಸಿದೋನು ಆರ್ವಿಲ್. ಮನೆ, ಜಮೀನು ಎಲ್ಲ ಅವನಿಗೇ ಇರ್ಲಿ" ಅಂದಳು. ನೀನು ನಾಚಿ ತಟ್ಟೆ ನೋಡುತ್ತ ಕೂತೆ. ಆಮೇಲೆ, ನಮ್ಮನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಹೇಳಿದೆ: "ಹಂಗಾದ್ರೆ ನೆಲದ ಕೆಳಗಿಂದು ನೀವಿಬ್ರೂ ಹಂಚ್ಕೊಳ್ಳಿ. ಕಲ್ಲು, ಕತ್ತಲೆ, ಹೆಗ್ಗಣದ ಬಿಲ. ಜಗಳ ಮಾತ್ರ ಆಡ್ಬೇಡಿ."

ಮೂವರೂ ನಕ್ಕೆವು. ನೆಲದ ಮೇಲಿನದು ಒಬ್ಬರಿಗೆ, ಕೆಳಗಿನದು ಇನ್ನೊಬ್ಬರಿಗೆ ಎಂದು ಪತ್ರ ಮಾಡುವುದು ನಮ್ಮ ಈ ಗುಡ್ಡಗಳಲ್ಲಿ ಹೊಸದೇನಲ್ಲ. ಆದರೆ ಅಜ್ಜ ಕೊರೆಸಿದ ಗ್ಯಾಸಿನ ಬಾವಿ, ಅಮ್ಮನ ಒಲೆ ಉರಿಸುತ್ತಿದ್ದ ಆ ಬಾವಿ, ಬತ್ತಿ ಇಪ್ಪತ್ತು ವರ್ಷವಾಗಿತ್ತು. ನಮ್ಮ ಹಳ್ಳದ ಜಮೀನುಗಳ ಅಡಿಯಲ್ಲಿ ಇನ್ನೇನೂ ಇಲ್ಲವೆಂದು ಊರೇ ನಂಬಿತ್ತು. ನಿಮ್ಮಿಬ್ಬರಿಗಿಂತ ಜೋರಾಗಿ ನಕ್ಕವಳು ನಾನು.

ನನಗೆ ಗೊತ್ತಿತ್ತು, ಆರ್ವಿಲ್.

ಮೇಜಿನ ಸುತ್ತ ಕೂರುವುದಕ್ಕೆ ಹದಿನೇಳು ದಿನ ಮೊದಲು ಕೋರ್ಟಿನ ದಾಖಲೆ ಕೋಣೆಗೆ ಒಬ್ಬ ಮನುಷ್ಯ ಬಂದಿದ್ದ. ಹೊರಗೆ ಹಿಮದ ಕೆಸರು, ಅವನ ಬೂಟು ಮಾತ್ರ ಮಿರಮಿರ ಹೊಳೆಯುತ್ತಿತ್ತು. ನಮ್ಮ ಹಳ್ಳದ ಹಳೆಯ ಕ್ರಯಪತ್ರಗಳ ಪುಸ್ತಕಗಳನ್ನು ಕೇಳಿದ. ನಾನೇ ಹೊತ್ತು ತಂದು ಮೇಜಿನ ಮೇಲಿಟ್ಟೆ. ಮೂರು ದಿನ ಕೂತು ನಕಲು ಮಾಡಿಕೊಂಡ. ಮೂರನೆಯ ದಿನ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟು, ಇವರ ಕಡೆಯವರು ಯಾರಾದರೂ ಊರಿನಲ್ಲಿದ್ದಾರೆಯೇ ಎಂದು ಕೇಳಿದ. ಗೊತ್ತಿಲ್ಲ ಎಂದೆ. "ಇದ್ರೆ ಪುಣ್ಯವಂತ್ರು. ಹಳೇ ಬಾವಿಗಳು ಮುಟ್ಟದೇ ಇರೋ ಆಳಕ್ಕೆ ಈಗ ಇಳಿಯೋಕಾಗತ್ತೆ" ಎಂದು ಪುಸ್ತಕ ಮುಚ್ಚಿ ಹೋದ. ಮೂವತ್ತು ವರ್ಷ ಆ ಕೋಣೆಯಲ್ಲಿ ದುಡಿದವಳಿಗೆ ಒಬ್ಬ ಮನುಷ್ಯ ಮೂರು ದಿನ ಒಂದೇ ಹಳ್ಳದ ಪುಸ್ತಕ ತಿರುವಿದರೆ ಅದರ ಅರ್ಥವೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಾಲುಪತ್ರವನ್ನು ಟೈಪ್ ಮಾಡಿದ್ದೂ, ನೆಲದ ಕೆಳಗಿನದೆಲ್ಲ ನನಗೂ ನಡೀನ್‌ಗೂ ಎಂದು ಅದರಲ್ಲಿ ಸೇರಿಸಿದ್ದೂ ನಾನೇ. ವಕೀಲರ ಖರ್ಚು ಉಳಿಯುತ್ತದೆ ಎಂದು ನೀವಿಬ್ಬರೂ ಉಪಕಾರ ಸ್ಮರಿಸಿದಿರಿ. ಓದಿ ನೋಡು ಎಂದು ನಿನ್ನ ಮುಂದೆ ಹಿಡಿದಾಗ, "ನೀನು ಬರ್ದಿದ್ದಲ್ವಾ ಅಕ್ಕ" ಎಂದು ಸೀದಾ ಸಹಿ ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳಬಹುದು. ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗ್ಯಾಸ್ ಕಂಪನಿಯವರು ಬರುತ್ತಾರೆ ಹೋಗುತ್ತಾರೆ, ಏನೂ ಆಗದೆಯೂ ಇರಬಹುದು ಎಂದು ಅಂದುಕೊಂಡೆ, ಅದು ನೆಪ. ನಿಜ ಹೇಳಬೇಕೆಂದರೆ, ಕೊನೆಯ ತಿಂಗಳಲ್ಲಿ ಅಮ್ಮ ನನ್ನನ್ನು ಗುರುತಿಸುತ್ತಿರಲಿಲ್ಲ. ಶನಿವಾರ ಬಂದು ಅವಳ ಕೂದಲು ತೊಳೆದು ಬಾಚುತ್ತಿದ್ದೆನಲ್ಲ, ಆಗೆಲ್ಲ ಅವಳು "ಆರ್ವಿಲ್ ಎಲ್ಲಿ, ಆರ್ವಿಲ್‌ನ ಕರೀರಿ" ಎನ್ನುತ್ತಿದ್ದಳು. ನಾನು ಬಾಚಣಿಗೆ ಹಿಡಿದುಕೊಂಡೇ ನಿನ್ನನ್ನು ಕೂಗುತ್ತಿದ್ದೆ. ನಿನ್ನ ದನಿ ಕೇಳಿದ ಕೂಡಲೇ ಅವಳ ಮುಖ ಅರಳುತ್ತಿತ್ತು. ಅಮ್ಮನೂ ಇವನಿಗೇ, ಜಮೀನೂ ಇವನಿಗೇ, ಕೆಳಗಿನದಾದರೂ ನನಗಿರಲಿ ಎಂಬ ಒಂದು ಹೊಟ್ಟೆಕಿಚ್ಚು ಒಳಗೆ ಕೂತಿತ್ತು. ದುಡ್ಡಿಗಿಂತ ಹೆಚ್ಚು ಅದೇ. ಇದನ್ನು ಸಮರ್ಥನೆಯೆಂದು ತಿಳಿಯಬೇಡ.

ನಾಲ್ಕು ವರ್ಷದ ಮೇಲೆ ಕಂಪನಿ ಬಂತು. ನಾನು, ನಡೀನ್ ಇಬ್ಬರೂ ಗುತ್ತಿಗೆಗೆ ಸಹಿ ಹಾಕಿದೆವು. ಅವಳು ಫೋನಿನಲ್ಲಿ, ಆರ್ವಿಲ್‌ಗೆ ತೊಂದರೆಯಾಗುವುದಿಲ್ಲ ತಾನೇ ಎಂದು ಎರಡು ಸಲ ಕೇಳಿದ್ದಳು. ಒಂದು ಮೂಲೆಯಲ್ಲಿ ಚಿಕ್ಕ ಕೊಳವೆ ನಿಲ್ಲಿಸುತ್ತಾರೆ ಅಷ್ಟೇ ಎಂದು ನಾನು ಹೇಳಿದೆ. ಕೆಳಗಿನದರ ಮಾಲೀಕರು ಒಪ್ಪಿದರೆ ಮೇಲಿನವನ ಅಂಗಳದಲ್ಲೇ ದಾರಿ ಮಾಡಿಕೊಳ್ಳುವ ಹಕ್ಕು ಕಂಪನಿಗಿದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಗುಡ್ಡದ ಮೇಲಿನ ನಿನ್ನ ಹುಲ್ಲುಗಾವಲನ್ನು ಸಮ ಮಾಡಿ ಜಲ್ಲಿ ಹಾಸಿದರು. ಅಪ್ಪ ನೆಟ್ಟ ವಾಲ್‌ನಟ್ ಮರಗಳನ್ನು ಒಂದೇ ಬೆಳಿಗ್ಗೆ ಉರುಳಿಸಿದರು. ನೀನು ಓಡಿಸುವ ಸ್ಕೂಲ್ ಬಸ್ಸನ್ನು ಗುಡ್ಡದ ತಿರುವಿನಲ್ಲಿ ಲಾರಿಗಳ ಹಿಂದೆ ಅರ್ಧರ್ಧ ಗಂಟೆ ನಿಲ್ಲಿಸಿಕೊಂಡಿರುತ್ತಿದ್ದೆಯೆಂದು ಊರವರು ಹೇಳುತ್ತಿದ್ದರು. ಆ ಬೇಸಿಗೆಯೇ ಒರತೆಯ ನೀರು ಕದಡಿತು. ಕಂಪನಿಯವರು ತಮ್ಮ ಕೆಲಸದಿಂದಲ್ಲ ಎಂದರು, ನೀನು ಅವರಿಂದಲೇ ಎಂದೆ. ಯಾರ ಮಾತು ಸರಿಯೋ, ಫೇ ಮಾತ್ರ ಕ್ಯಾನುಗಳಲ್ಲಿ ನೀರು ಹೊರುವಂತಾಯಿತು. ನೀನು ದನಗಳನ್ನು ಮಾರಿದೆ.

ದನ ಮಾರಿದ ಮರುದಿನ ನನ್ನ ಮನೆಯ ಜಗಲಿಗೆ ಬಂದೆ. ಒಳಗೆ ಬಾ ಎಂದರೂ ಬರಲಿಲ್ಲ. "ಅವತ್ತು ಮೊದ್ಲು ಬಾಯಿ ತೆಗೆದಿದ್ದು ನಡೀನ್. ಅವಳ ಗಂಡ ಪೈಪ್‌ಲೈನ್ ಕೆಲ್ಸದಲ್ಲಿದಾನೆ. ಅವ್ಳಿಗೆ ಮೊದ್ಲೇ ಗೊತ್ತಿತ್ತಾ ಅಕ್ಕ?" ಎಂದು ಕೇಳಿದೆ.

ನಾನು ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಕಣ್ಣು ತಗ್ಗಿಸಿದೆ. ಅಷ್ಟು ಸಾಕಾಯಿತು ನಿನಗೆ. ನನ್ನ ಮೇಲೆ ನಿನಗೆ ಉಳಿದದ್ದು ಸಹಿ ಹಾಕಿದೆನೆಂಬ ಬೇಸರ ಮಾತ್ರ. ದ್ವೇಷವೆಲ್ಲ ಅವಳ ಪಾಲಿಗೆ ಹೋಯಿತು. ಅವಳ ಮಗಳ ಮದುವೆಗೆ ನೀನು ಹೋಗಲಿಲ್ಲ. ಅವಳು ಕಳಿಸಿದ ಕ್ರಿಸ್‌ಮಸ್ ಪೊಟ್ಟಣಗಳನ್ನು ಒಡೆಯದೆ ವಾಪಸು ಕಳಿಸಿದೆ. ಅವಳು ಫೋನ್ ಮಾಡಿ ನನ್ನ ಹತ್ತಿರ ಅಳುತ್ತಿದ್ದಳು: ನಾನೇನು ಮಾಡಿದೆ ಅಕ್ಕ, ಯಾಕೆ ಅವನು ಹೀಗೆ ಎಂದು. ಕಾಲ ಕಳೆದ ಹಾಗೆ ಸರಿಹೋಗುತ್ತಾನೆ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ನೆಲದ ಕೆಳಗಿನದನ್ನು ಕಬಳಿಸಿದ್ದಕ್ಕಿಂತ ಇದು ದೊಡ್ಡ ತಪ್ಪು. ಅದು ಒಂದು ದಿನದ ಕೆಲಸ. ಇದನ್ನು ನಾಲ್ಕು ವರ್ಷ ಪ್ರತಿ ಫೋನಿನಲ್ಲೂ ಮಾಡಿದ್ದೇನೆ.

ಮೊನ್ನೆ ಭಾನುವಾರ ಚರ್ಚಿನಿಂದ ಬಂದ ಮೇಲೆ ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ನಂಗೆ ಹೇಳಿ ಏನು ಪ್ರಯೋಜನ? ಅವನಿಗೆ ಹೇಳು" ಅಂದಳು. ಅಕ್ಕ ಎನ್ನಲಿಲ್ಲ.

ಮಂಗಳವಾರ ಕೋರ್ಟಿಗೆ ಹೋದೆ. ನೆಲದಡಿಯ ನನ್ನ ಅರ್ಧವನ್ನು ನಿನ್ನ ಮತ್ತು ಫೇ ಹೆಸರಿಗೆ ಬರೆದು ನೋಂದಾಯಿಸಿದ್ದೇನೆ. ನಾನು ತರಬೇತಿ ಕೊಟ್ಟ ಹುಡುಗಿಯೇ ಈಗ ಆ ಕಿಟಕಿಯಲ್ಲಿ ಕೂರುತ್ತಾಳೆ. ಪೂರ್ತಿ ಓದಿ ಮೊಹರು ಹಾಕಿದಳು. ಇಷ್ಟು ದಿನ ಕಂಪನಿಯಿಂದ ಬಂದ ದುಡ್ಡು ನನ್ನ ಗಂಡನ ಆಸ್ಪತ್ರೆಗೂ ಈ ಮನೆಗೂ ಹೋಯಿತು, ಅದನ್ನು ಹಿಂದಿರುಗಿಸುವ ಶಕ್ತಿ ನನಗಿಲ್ಲ. ನೋಂದಣಿ ಪತ್ರದ ನಕಲು ಈ ಲಕೋಟೆಯಲ್ಲಿದೆ. ಬೇಡವೆನಿಸಿದರೆ ಹರಿದು ಹಾಕು, ಆದರೂ ಅದು ನಿನ್ನದೇ. ಇದರಿಂದ ಮರಗಳು ಏಳುವುದಿಲ್ಲ, ಒರತೆ ತಿಳಿಯಾಗುವುದಿಲ್ಲ, ಗೊತ್ತು.

ನಿನ್ನಿಂದ ನನಗಾಗಿ ಏನನ್ನೂ ಕೇಳುವುದಿಲ್ಲ. ಈ ತಿಂಗಳ ಕೊನೆಯ ಭಾನುವಾರ ಎಲ್ಲರೂ ಸಮಾಧಿಗಳಿಗೆ ಹೂವಿಡುವ ದಿನ. ನಡೀನ್ ಹತ್ತು ಗಂಟೆಗೆ ಅಮ್ಮನ ಹತ್ತಿರ ಬರುತ್ತಾಳೆ; ನೀನಿರಬಹುದೆಂಬ ಭಯಕ್ಕೆ ಇಷ್ಟು ವರ್ಷ ಅವಳು ಬಂದಿರಲಿಲ್ಲ. ಈ ಸಲ ನೀನಿದ್ದರೂ ಬರುತ್ತೇನೆ ಎಂದಿದ್ದಾಳೆ. ನಾನು ಬರುವುದಿಲ್ಲ. ಹಿಂದಿನ ದಿನವೇ ಹೋಗಿ ಹುಲ್ಲು ಕತ್ತರಿಸಿ ಕಲ್ಲು ತೊಳೆದು ಬಂದಿರುತ್ತೇನೆ. ಅವಳ ಮಂಡಿ ಈಗ ಸರಿಯಿಲ್ಲ, ಆ ದಿಬ್ಬ ಹತ್ತುವಾಗ ಯಾರಾದರೂ ಕೈ ಹಿಡಿಯಬೇಕು.

ಫೇಗೆ ನೀರು ಹೊರುವ ಕಷ್ಟ ಬೇಗ ತಪ್ಪಲಿ. ನಿನ್ನ ಬಸ್ಸಿನ ಮಕ್ಕಳು ದಿನವೂ ಕ್ಷೇಮವಾಗಿ ಮನೆ ಸೇರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ವೆರ್ನಾ